ಲಜ್ಹರ್ ಮಾವನ ಎರಡು ಸೀಟು
ಸ್ಫಾಕ್ಸ್ ಪೇಟೆಯ ನಮ್ಮ ಕ್ಷೌರಿಕ ಲಜ್ಹರ್ ಮಾವ ನಾಲ್ಕು ವರ್ಷಕ್ಕೊಮ್ಮೆ ಫುಟ್‌ಬಾಲ್ ವಿಶ್ವಕಪ್ಪಿಗೆ ಹೊರಡುತ್ತಾರೆ. ಹೋದದ್ದನ್ನು ಮಾತ್ರ ಯಾರೂ ಕಂಡಿಲ್ಲ. ಕತ್ತರಿ ಆಡಿಸುತ್ತಲೇ ವಿಮಾನ, ಹೋಟೆಲು, ಗ್ಯಾಲರಿಯ ಸಾಲು ಎಲ್ಲ ಒಪ್ಪಿಸಿ, ಒಂದೊಂದಕ್ಕೂ ‘ಇನ್ಶಾ ಅಲ್ಲಾ’, ಅಂದರೆ ದೇವರು ಒಪ್ಪಿದರೆ, ಎಂದು ಸೇರಿಸುತ್ತಾರೆ. ನಾಳೆಯ ಮಾತಿಗಿರಲಿ, ನಿನ್ನೆಯದಕ್ಕೂ ಬಿಡುವುದಿಲ್ಲ. ‘ನಿನ್ನೆ ಮೀನು ತಿಂದ್ರಾ ಮಾವ?’ ಎಂದು ಕೆಣಕಿದರೆ, ‘ತಿಂದೆ ಕಣೋ, ಇನ್ಶಾ ಅಲ್ಲಾ’ ಎನ್ನುತ್ತಾರೆ, ಅಂಗಡಿಯೆಲ್ಲ ನಗುತ್ತದೆ. ಹಿಂದೊಮ್ಮೆ ಒಡಹುಟ್ಟಿದ ತಮ್ಮ ಶಾಕಿರನಿಗೆ, ‘ಈ ಸಲ ಹೋಗೇ ಹೋಗ್ತೀವಿ ಕಣೋ’ ಎಂದು ದೇವರ ಹೆಸರೆತ್ತದೆ ಹೇಳಿಬಿಟ್ಟಿದ್ದರಂತೆ. ವೀಸಾ ತರಲು ರಾಜಧಾನಿ ಟ್ಯೂನಿಸ್‌ಗೆ ಹೊರಟ ಶಾಕಿರ್ ದಾರಿಯಲ್ಲಿ ಲಾರಿಗೆ ಸಿಕ್ಕು ಹೆಣವಾಗಿ ಬಂದ. ಈಗಲೂ ಮಾವ ಹೇಳುವುದು ಎರಡು ಸೀಟು. ‘ಇನ್ನೊಂದು ಯಾರಿಗೆ?’ ಎಂದು ಹೊಸಬರು ಕೇಳಿದರೆ ಕತ್ತರಿ ನಿಲ್ಲುತ್ತದೆ. ‘ನನ್ ತಮ್ಮಂಗೆ’ ಎನ್ನುತ್ತಾರೆ. ಅದೊಂದಕ್ಕೆ ಮಾತ್ರ ದೇವರನ್ನು ಕೇಳುವುದಿಲ್ಲ.