ಒಂದು ಗೇಣು ಕಪ್ಪು ಮಣ್ಣು

ಹಿಂದಿನ ದಿನ ಗಂಡ ಹೆಂಡತಿಗೆ ಜಗಳ ಆಗಿತ್ತು. ದೊಡ್ಡದೇನಲ್ಲ. ಒಗೆದ ಹೊದಿಕೆ ಮೇಲೆ ಬೂದಿ ಕೂತಿದ್ದಕ್ಕೆ.

"ಬೆಳ್ಳಗೆ ಒಗೆದು ಹಾಕಿದ್ದೆ ಕಣ್ರೀ. ನೋಡಿ, ಒಲೆಯಲ್ಲಿ ಮಲಗೋ ಬೆಕ್ಕು ಹೊರಳಾಡಿದ ಹಾಗಿದೆ. ಚೀಲ ಕೊಡವೋಕೆ ಬೇರೆ ಜಾಗ ಸಿಗಲಿಲ್ವಾ?"

"ಗಾಳಿ ತಿರುಗಿಬಿಡ್ತು."

"ಹಾಕಿ, ಗಾಳಿ ಮೇಲೆ ಹಾಕಿ. ಅದಕ್ಕೆ ಬಾಯಿಲ್ವಲ್ಲ."

"ನಿನಗಿರೋದೇ ಸಾಕು ಕಣೇ, ಗಾಳಿದೂ ಸೇರಿಸಿ."

ಅವಳಿಗೆ ನಗು ಬಂತು. ತೋರಿಸಿಕೊಳ್ಳಲಿಲ್ಲ. ಹೊದಿಕೆ ಮತ್ತೆ ಬಕೆಟ್ಟಿಗೆ ಹೋಯಿತು.

ಅವನು ಬೇಕರಿಯಲ್ಲಿ ಒಲೆ ಉರಿಸುವವನು. ಅವಳು ಅದೇ ಬೇಕರಿಯಲ್ಲಿ ತಟ್ಟೆ ತೊಳೆಯುವವಳು. ಅದು ಸೌದೆ ಒಲೆ. ಬೆಳಿಗ್ಗೆ ಬ್ರೆಡ್ಡು ಇಳಿದ ಮೇಲೆ ಅವನು ಬೂದಿ ಬಾಚಿ, ಆರಲು ಬಿಟ್ಟು, ಜರಡಿ ಹಿಡಿದು, ಗೋಣಿಚೀಲಕ್ಕೆ ತುಂಬಿ ಹೆಗಲಿಗೇರಿಸುತ್ತಿದ್ದ. ಬೀದಿ ದಾಟಿ, ಮನೆಯ ಪಕ್ಕದಲ್ಲೇ ಹಾಯ್ದು, ಹಿಂದಿನ ಗುಡ್ಡ ಹತ್ತುತ್ತಿದ್ದ. ಬೀದಿಯವರು ಅವನಿಗೆ ಬೂದಿ ಸಾಹುಕಾರ ಅಂತ ಹೆಸರಿಟ್ಟಿದ್ದರು. ಕರೆದರೆ ಓ ಅನ್ನುತ್ತಿದ್ದ. ಬೇಜಾರಿಲ್ಲ.

ಗುಡ್ಡದ ಮೇಲೆ ಅವರದೊಂದು ತುಂಡು ಜಾಗ. ಯಾರಿಗೂ ಬೇಡವಾಗಿ ಉಳಿದದ್ದು. ಮೇಕೆಯೂ ಯೋಚನೆ ಮಾಡಿ ಹತ್ತುವಷ್ಟು ಕಡಿದು. ಮಣ್ಣು ಕೆಂಪು ಜೇಡಿ, ಆಳ ಅಂದರೆ ಆಳ. ಹಿಂದೆ ಯಾರೋ ಅಲ್ಲಿ ಬಾವಿ ತೋಡಲು ಹೋಗಿ, ಏಣಿಗೆ ಏಣಿ ಕಟ್ಟಿ ಇಳಿದರೂ ಬಂಡೆ ಸಿಗದೆ ಬಿಟ್ಟು ಬಂದಿದ್ದರು. ಮಳೆ ಬಿದ್ದರೆ ಆ ಮಣ್ಣು ಸೋಪಿನ ಹಾಗೆ ಜಾರುತ್ತೆ. ನಾಲ್ಕು ದಿನ ಬಿಸಿಲು ಬಿದ್ದರೆ ಗುದ್ದಲಿ ಠಣ್ ಅನ್ನುತ್ತೆ. ನೋಡೋಕೆ ಚೆಂದ, ತಿನ್ನೋಕೆ ಏನೂ ಕೊಡಲ್ಲ. ಹುಳಿ ಮಣ್ಣು. ವರ್ಷವರ್ಷವೂ ಸುರಿಯುವ ಮಳೆ ಸಾರವನ್ನೆಲ್ಲ ತೊಳೆದುಕೊಂಡು ಹೋಗಿ ಹುಳಿಯನ್ನಷ್ಟೇ ಬಿಟ್ಟಿತ್ತು. ಜರಿಗಿಡ ಬೆಳೆಯುತ್ತೆ, ಮರಗೆಣಸು ಹೇಗೋ ಬರುತ್ತೆ. ಬೀನ್ಸ್ ಹಾಕಿದರೆ ಎರಡೆಲೆ ಬಿಟ್ಟು ಹಳದಿಯಾಗಿ ಸಾಯುತ್ತೆ. ಕಿತ್ತು ನೋಡಿದರೆ ಬೇರು ಮೊಂಡು, ಸುಟ್ಟ ದಾರದ ತುಂಡಿನ ಹಾಗೆ.

ಅವನಿಗೆ ಬೀನ್ಸೇ ಬೇಕಾಗಿತ್ತು. ಹಟ. ಇಳಿಜಾರಿಗೆ ಅಡ್ಡಡ್ಡ ಮರದ ದಿಮ್ಮಿ ಇಟ್ಟು ಗೂಟ ಹೊಡೆದ. ದಿಮ್ಮಿಯ ಹಿಂದೆ ತರಗೆಲೆ, ಬೇಕರಿಯ ಹಳಸಿದ ಹಿಟ್ಟು, ಸಿಕ್ಕಿದ ಸಗಣಿ, ಮೇಲೆ ಹುಳಿ ಮುರಿಯೋಕೆ ಬೂದಿ. ಬೂದಿ ಹಾಕುವುದಕ್ಕೂ ಕ್ರಮ ಇತ್ತು. ಅಡುಗೆಗೆ ಉಪ್ಪು ಉದುರಿಸಿದ ಹಾಗೆ ಉದುರಿಸಬೇಕು, ಹಿಟ್ಟು ಸುರಿದ ಹಾಗೆ ಸುರಿಯಬಾರದು. ಮಗಳು ಅಂಬೆಗಾಲಿಡುವಾಗ ಶುರು ಮಾಡಿದ್ದು. ಮಗಳ ಮದುವೆ ಹೊತ್ತಿಗೆ ಕೆಂಪಿನ ಮೇಲೆ ಒಂದು ಗೇಣು ಕಪ್ಪು ಮಣ್ಣಾಗಿತ್ತು. ಮುಷ್ಟಿ ಹಿಡಿದು ಬಿಟ್ಟರೆ ಪುಡಿಪುಡಿಯಾಗುವ ಮಣ್ಣು. ಅದರಲ್ಲಿ ಬೀನ್ಸ್ ಬಂತು.

ಜಗಳ ಆದ ದಿನವೇ ಕೊನೆಯ ಕಾಯಿ ಕಿತ್ತು ತಂದಿದ್ದ. ಅವಳು ಬಲಿತ ಕಾಯಿ ಆರಿಸಿ, ಬೀಜ ಬಿಡಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಒಲೆಯ ಮೇಲುಗಡೆ ತೂಗುಹಾಕಿದಳು. "ಮುಂದಿನ ಸಲ ಕೆಳಗಿನ ಸಾಲಿಗೂ ಹಾಕೋಣ," ಅಂದ. ಉಂಡ. ಮಲಗಿದ. ಗೊರಕೆ ಹೊಡೆದ. ಪಕ್ಕೆಗೆ ತಿವಿದಳು, ಮಗ್ಗುಲಾದ. ಅಷ್ಟೇ.

ಮಾರನೆಯ ಬೆಳಿಗ್ಗೆ ಹತ್ತಿದವನು ಇಳಿಯಲಿಲ್ಲ. ಅವಳು ತಟ್ಟೆ ತೊಳೆದು ಬಂದಳು, ಕೂಗಿದಳು, ಹತ್ತಿ ಹೋದಳು. ಅರ್ಧ ದಾರಿಯಲ್ಲಿ ಒಂದು ಕಡಿದ ಮರದ ಬುಡ ಇದೆ. ಅಲ್ಲಿ ಕೂತಿದ್ದ. ಬೂದಿಯ ಚೀಲ ನೆಟ್ಟಗೆ ನಿಂತಿತ್ತು, ಒಂದು ಹಿಡಿಯೂ ಚೆಲ್ಲಿರಲಿಲ್ಲ. ಅವನು ಅದಕ್ಕೆ ಒರಗಿದ್ದ. ಎದೆ ನಿಂತಿದೆ ಅಂದರು ಡಾಕ್ಟರು. ಅವಳಿಗೆ ಮುಟ್ಟಿದಾಗಲೇ ಗೊತ್ತಾಗಿತ್ತು.

ಮಣ್ಣು ಮಾಡಿದ ಮೇಲೆ ಮಗಳು ತನ್ನ ಮನೆಗೆ ಕರೆದುಕೊಂಡು ಹೋದಳು. ಪೇಟೆಯಲ್ಲಿ, ಮಹಡಿಯ ಮೇಲೆ. ಕಿಟಕಿ ತೆಗೆದರೆ ಎದುರುಮನೆಯ ಗೋಡೆ. ಮಗಳು ಚೆನ್ನಾಗಿಯೇ ನೋಡಿಕೊಂಡಳು. ಆದರೆ ಕೈಗೆ ಕೆಲಸ ಇಲ್ಲ. ಒಂದು ದಿನ ಮೋಡ ಕಟ್ಟಿದ್ದು ನೋಡಿ ಗಂಟುಮೂಟೆ ಕಟ್ಟಿದಳು.

"ಅಮ್ಮ, ಅಲ್ಲಿ ಯಾರಿದ್ದಾರೆ ಅಂತ ಹೋಗ್ತೀಯಾ?"

"ಬೀಜ ಇದೆ. ದೊಡ್ಡ ಮಳೆಗೆ ಮುಂಚೆ ಹಾಕಬೇಕು."

ಮನೆಗೆ ಬಂದು ಹಿಂಬಾಗಿಲು ತೆಗೆದರೆ ಗುಡ್ಡ ಬೇರೆಯೇ ಆಗಿತ್ತು. ಇಳಿಜಾರನ್ನು ಯಾರೋ ಕತ್ತಿಯಲ್ಲಿ ಕೊಯ್ದ ಹಾಗಿತ್ತು. ದಿಮ್ಮಿಗಳಿಲ್ಲ. ಮೇಲೆ ಒಂದು ಅಗಲವಾದ ಮಟ್ಟ, ಅದರ ಹೊರಗಡೆ ಸಡಿಲ ಮಣ್ಣಿನ ದಂಡೆ. ಎಲ್ಲ ಕೆಂಪು. ಭಾವ, ಅಂದರೆ ಗಂಡನ ಅಣ್ಣ, ಮಣ್ಣು ತೆಗೆಯುವ ಮೆಷಿನ್ ಪಕ್ಕ ನಿಂತು ಮುಖ ಒರೆಸಿಕೊಳ್ಳುತ್ತಿದ್ದರು. ರಸ್ತೆ ಕೆಲಸದಲ್ಲಿ ಅವರು ಮೆಷಿನ್ ಓಡಿಸುವವರು. ರಜೆ ಹಾಕಿ, ಮೆಷಿನ್ ಕೇಳಿ ತಂದಿದ್ದರು.

"ಬಂದ್ಯಾ? ನೀನು ಬರೋದ್ರೊಳಗೆ ಮುಗಿಸಬೇಕು ಅಂತಿದ್ದೆ. ನೋಡಮ್ಮಾ, ಇನ್ನು ನೀನು ಮೇಕೆ ಥರ ಹತ್ತಬೇಕಾಗಿಲ್ಲ. ಚೆಂಡಾಟ ಆಡಬಹುದು ಇಲ್ಲಿ. ಅವನಿದ್ದಾಗಂತೂ ನಾನು ಏನೂ ಮಾಡಿಕೊಡಲಿಲ್ಲ."

ಅವಳು ಗುದ್ದಲಿ ತಂದು ಒಂದು ಕಡೆ ಕೆರೆದಳು. ಕೆಂಪು. ಇನ್ನೊಂದು ಕಡೆ. ಕೆಂಪು. ಒಳಗಡೆ, ಗುಡ್ಡ ಕೊಯ್ದ ಗೋಡೆಯ ಬುಡದಲ್ಲಿ ಕೆರೆದರೆ ಹಳದಿ.

"ಕಪ್ಪು ಎಲ್ಲಿ ಭಾವ?"

"ಯಾವ ಕಪ್ಪು?"

"ನಿಮ್ಮ ತಮ್ಮನ ಮಣ್ಣು."

ಅವರು ಮೆಷಿನ್ ಕಡೆ ನೋಡಿದರು. ದಂಡೆ ಕಡೆ ನೋಡಿದರು. "ಮೇಲಿಂದು ಮೊದಲು ಕೆರೆದೆ. ತಳ ಹಾಕೋಕೆ ಬೇಕಿತ್ತಲ್ಲ, ಅಂಚಿಗೆ ತಳ್ಳಿದೆ. ಕಾಯಿ ಕಿತ್ತಾಗಿತ್ತು, ಖಾಲಿ ಅಂದ್ಕೊಂಡೆ ಕಣಮ್ಮಾ. ಎಲ್ಲ ಮಣ್ಣೇ ಅಲ್ವಾ?"

"ತಮ್ಮನನ್ನ ಎರಡು ಸಲ ಹೂತ್ರಿ ಭಾವ," ಅಂದುಬಿಟ್ಟಳು.

ಅಂದದ್ದು ಅಂದಾಯಿತು. ಅವರು ಮೆಷಿನ್ ಹತ್ತಿ ಹೊರಟುಹೋದರು.

ಅವಳು ದಂಡೆಯ ಕೆಳಗೆ ಹೋಗಿ ನಿಂತಳು. ಮೊದಲು ತಳ್ಳಿದ್ದು ಎಲ್ಲಕ್ಕಿಂತ ಅಡಿಗೆ ಹೋಗಿದೆ. ಮೇಲೆ ಆಳೆತ್ತರ ಕೆಂಪು. ಹಿಡಿದು ನಿಲ್ಲಿಸೋಕೆ ಒಂದು ಬೇರಿಲ್ಲ, ಒಂದು ಕಲ್ಲಿಲ್ಲ. ದೊಡ್ಡ ಮಳೆ ಒಂದು ಸುರಿದರೆ ದಂಡೆ ಪೂರಾ ಹಳ್ಳಕ್ಕೆ ಇಳಿಯುತ್ತೆ, ಕಪ್ಪನ್ನೂ ಹೊತ್ತುಕೊಂಡು. ಮಳೆಗೆ ಮುಂಚೆ ತೆಗೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಬೇಕರಿಗೆ ಹೋಗಿ ಒಡತಿಯ ಹತ್ತಿರ ರಜ ಕೇಳಿದಳು. ಒಡತಿ ದಪ್ಪ ಹೆಂಗಸು, ಬಾಯಿ ಜೋರು, ಕೊಡುವ ಕೈ.

"ತಗೋ ರಜ. ಆದರೆ ಇದೊಂದು ಹೇಳಿ ಹೋಗು. ಒಲೆ ಬಾಯಲ್ಲಿ ಬೂದಿ ಗುಡ್ಡೆ ಬಿದ್ದಿದೆ. ನಿನ್ನ ಸಾಹುಕಾರ ಹೋದ ಮೇಲೆ ಯಾರೂ ಮುಟ್ಟಿಲ್ಲ. ಒಯ್ತೀಯೋ, ಚರಂಡಿಗೆ ಹಾಕಿಸ್ಲೋ?"

"ಚರಂಡಿಗೆ ಹಾಕಿದ್ರೆ ತಟ್ಟೆ ನೀವೇ ತೊಳ್ಕೊಳ್ಳಿ ಅಕ್ಕ."

"ಅಬ್ಬಾ! ಅವನ ಬಾಯಿ ನಿನಗೆ ಬಂತೋ, ನಿನ್ನ ಬಾಯೇ ಅವನಿಗೆ ಹೋಗಿತ್ತೋ," ಅಂದು ಒಡತಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಮಾರನೆಯ ದಿನ ಬೆಳಗಾಗುತ್ತಲೇ ಅವಳು ದಂಡೆಯ ಕೆಳಗಿಂದ ಅಗೆಯಲು ಹತ್ತಿದಳು. ಕೆಂಪು ಬಂತು, ಪಕ್ಕಕ್ಕೆ ಎಸೆದಳು. ಮತ್ತೆ ಕೆಂಪು. ಸೊಂಟ ಹಿಡಿದುಕೊಂಡು ನೆಟ್ಟಗಾದಾಗ ಹಿಂದೆ ಭಾವ ನಿಂತಿದ್ದರು. ಮೆಷಿನ್ ಇರಲಿಲ್ಲ. ಕೈಯಲ್ಲಿ ಹೊಸ ಗುದ್ದಲಿ.

"ಮೆಷಿನ್‌ನಲ್ಲೇ ತೆಗೆದುಕೊಡ್ತಿದ್ದೆ. ನೀನು ಬೇಡ ಅಂತೀಯ ಅಂತ ಗೊತ್ತು."

"ಬೇಡ. ಅದಕ್ಕೆ ಕೆಂಪೂ ಒಂದೇ, ಕಪ್ಪೂ ಒಂದೇ."

"ಅಲ್ಲಿ ಅಗೀಬೇಡ. ಮೊದಲನೇ ಬಕೆಟ್ಟು ಇಲ್ಲಿ ಸುರಿದದ್ದು." ಎಡಕ್ಕೆ ನಡೆದು ಕಾಲಿನಿಂದ ಗೆರೆ ಎಳೆದರು. ಓಡಿಸಿದವರಿಗೆ ಒಂದೊಂದು ಬಕೆಟ್ಟೂ ನೆನಪಿತ್ತು. ಆ ಗೆರೆಯ ಹಿಂದೆ ಮೊಣಕೈಯಷ್ಟು ಅಗೆದರೆ ಕಪ್ಪು ಬಂತು. ಅವಳು ಮುಷ್ಟಿ ಹಿಡಿದು ಬಿಟ್ಟಳು. ಪುಡಿಪುಡಿ. ಅದರಲ್ಲಿ ಬೀನ್ಸಿನ ಒಣ ಬಳ್ಳಿಯ ತುಂಡೂ ಇತ್ತು.

ಗುಡ್ಡದ ಮೇಲ್ಗಡೆ ಮೆಷಿನ್ ಹತ್ತಲಾಗದೆ ಬಿಟ್ಟ ಒಂದು ಅಂಚಿತ್ತು. ಅಲ್ಲಿ ಅಡ್ಡಕ್ಕೆ ದಿಮ್ಮಿ ಇಟ್ಟು ಗೂಟ ಹೊಡೆದರು. ಭಾವ ಅಗೆದು ಬುಟ್ಟಿಗೆ ತುಂಬುವುದು, ಅವಳು ಹೊತ್ತು ಹತ್ತುವುದು. ಮಧ್ಯಾಹ್ನಕ್ಕೆ ಭಾವನ ಅಂಗೈ ತುಂಬ ಬೊಬ್ಬೆ.

"ಏನ್ ಭಾವ, ಗುದ್ದಲಿಗೆ ಸ್ಟೇರಿಂಗ್ ಇಲ್ಲ ಅಂತ ಬೇಜಾರಾ?"

"ಸೀಟೂ ಇಲ್ಲ ಕಣಮ್ಮಾ," ಅಂದರು ಅವರು. ಅವನು ಹೋದ ಮೇಲೆ ಇಬ್ಬರೂ ನಕ್ಕದ್ದು ಆವಾಗಲೇ.

ದಿನವೂ ಹಾಗೆ. ಅವಳ ತಲೆ ಸಿಂಬಿಯ ಕೆಳಗೆ ಉರಿಯಿತು, ಮಂಡಿ ಊದಿತು. ಮಗಳು ಫೋನಿನಲ್ಲಿ ಅತ್ತಳು, ಹುಚ್ಚು ಅಂದಳು. "ಹುಚ್ಚೇ. ಸಂಜೆ ಮಾತಾಡ್ತೀನಿ, ಬೆಳಕಿದೆ," ಅಂದು ಇಟ್ಟಳು.

ಮಳೆ ಮಧ್ಯಾಹ್ನ ಬಂತು. ಹನಿ ಅಲ್ಲ, ಒಂದೇ ಸಲ ಧೋ ಅಂತ. ಅವಳು ಮೇಲಿದ್ದಳು, ಭಾವ ಕೆಳಗೆ. "ಬಿಟ್ಟು ಬನ್ನಿ ಭಾವ! ಬುಟ್ಟಿ ಬಿಡಿ!" ಅಂತ ಕಿರುಚಿದಳು. ಅವರು ಪಕ್ಕಕ್ಕೆ ಓಡಿ ಜರಿಗಿಡ ಹಿಡಿದುಕೊಂಡರು. ದಂಡೆ ಮೊದಲು ಬಿರುಕು ಬಿಟ್ಟಿತು, ಆಮೇಲೆ ಕೂತಿತು, ಆಮೇಲೆ ಗಂಜಿಯ ಹಾಗೆ ಇಳಿದುಹೋಯಿತು. ಕೆಂಪು ನೀರಿನ ನಡುವೆ ಒಂದು ಕಪ್ಪು ಎಳೆ ಹಳ್ಳದ ತನಕ ಕಾಣುತ್ತಿತ್ತು. ಮಿಕ್ಕಿದ್ದೆಲ್ಲ ಅದರಲ್ಲಿ ಹೋಯಿತು. ಅವಳು ಮಳೆಯಲ್ಲಿ ನಿಂತು ನೋಡಿದಳು. ಅತ್ತಳು ಕೂಡ. ಮಳೆಯಲ್ಲಿ ಯಾರಿಗೆ ಕಾಣುತ್ತೆ.

ದಿಮ್ಮಿ ಹಿಡಿದಿತ್ತು. ದಿಮ್ಮಿಯ ಹಿಂದಿನ ಮಣ್ಣು ಉಳಿದಿತ್ತು. ಎಷ್ಟು ಅಂದರೆ, ಇಬ್ಬರು ಮಲಗುವ ಹಾಸಿಗೆಯಷ್ಟು.

ಮಳೆ ಬಿಡುವು ಕೊಟ್ಟ ದಿನ ಒಲೆ ಮೇಲಿನ ಗಂಟು ಬಿಚ್ಚಿ ಬೀಜ ಹಾಕಿದಳು. ಎಲೆ ಬಂತು. ಮೂರನೆಯ ಎಲೆಯೂ ಬಂತು. ಭಾವ ಬಂದಾಗ ಒಂದು ಸಸಿ ಕಿತ್ತು ಅವರ ಕೈಗಿಟ್ಟಳು. ಬೇರು ಬೆಳ್ಳಗೆ, ಉದ್ದಕ್ಕೆ, ಕೂದಲಿನ ಹಾಗೆ ಕವಲೊಡೆದಿತ್ತು. ಅವರು ಬಹಳ ಹೊತ್ತು ನೋಡಿ, "ಅಯ್ಯೋ, ಇದನ್ಯಾಕೆ ಕಿತ್ತೆ," ಅಂದರು. ಕೂತು ಅದೇ ಗುಳಿಯಲ್ಲಿ ಮತ್ತೆ ನೆಟ್ಟರು.

ಮಿಕ್ಕ ಮಟ್ಟವೆಲ್ಲ ಇನ್ನೂ ಕೆಂಪು. ಅದು ಕಪ್ಪಾಗಲು ಎಷ್ಟು ಕಾಲ ಬೇಕು ಅಂತ ಅವಳಿಗೆ ಗೊತ್ತು. ಒಂದು ಮಗು ಬೆಳೆದು ಮದುವೆಯಾಗುವಷ್ಟು.

ಈಗ ಬೆಳಿಗ್ಗೆ ಬ್ರೆಡ್ಡು ಇಳಿದ ಮೇಲೆ ಅವಳು ತಟ್ಟೆ ತೊಳೆದು, ಬೂದಿ ಬಾಚಿ, ಆರಲು ಬಿಟ್ಟು, ಜರಡಿ ಹಿಡಿಯುತ್ತಾಳೆ. ಚೀಲ ತುಂಬ ತುಂಬುವುದಿಲ್ಲ, ಅರ್ಧ ಸಾಕು. ಬೀದಿ ದಾಟುವಾಗ ಯಾರಾದರೂ "ಏನ್ ಸಾಹುಕಾರ್ತಿ" ಅಂದರೆ ಓ ಅನ್ನುತ್ತಾಳೆ. ಅರ್ಧ ದಾರಿಯಲ್ಲಿ ಮರದ ಬುಡ ಬರುತ್ತೆ. ಅಲ್ಲಿ ಕೂರುವುದಿಲ್ಲ. ಮೇಲೆ ಹೋಗಿ, ಗಾಳಿ ಯಾವ ಕಡೆಯದು ಅಂತ ನೋಡಿ, ಬಗ್ಗಿ, ಉಪ್ಪು ಉದುರಿಸಿದ ಹಾಗೆ ಉದುರಿಸುತ್ತಾಳೆ. ಚೀಲವನ್ನು ಅಲ್ಲೇ ಕೊಡವಿ, ಮಡಿಸಿಕೊಂಡು ಇಳಿಯುತ್ತಾಳೆ.