ಎಂಬತ್ತಾರು ತೋರಿಸಿದ ಕೈ

ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಶೀಲಾಳ ರಿಪೇರಿ ಅಂಗಡಿ. ಮಿಕ್ಸರ್, ಸ್ಟೆಬಿಲೈಸರ್, ಆಂಪ್ಲಿಫೈಯರ್, ಏನು ತಂದಿಟ್ಟರೂ ಬಿಚ್ಚಿ ಕೂರುವ ಹೆಂಗಸು. ಬಿಚ್ಚಿದ್ದರಲ್ಲಿ ಒಂದು ಸ್ಕ್ರೂ ಕೂಡ ಬಿಸಾಡುವ ಪೈಕಿಯಲ್ಲ. "ಈ ಕಸಾ ಎಲ್ಲಾ ಯಾವಾಗ ಚೆಲ್ತಿ?" ಎಂದು ಅತ್ತೆ ಗುರುಲಿಂಗವ್ವ ಕೇಳಿದರೆ, "ಒಂದಿನ ಉಪಯೋಗಕ್ಕ ಬರ್ತೈತ್ರಿ ಅತ್ತಿ" ಎನ್ನುವಳು. ಬಂತು ನೋಡಿ. ಬಾರದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಗಂಡ ಶಿವಪ್ರಕಾಶ ಮಗ್ಗದವನು. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೂಡಿಸಿ ಕೊಂಡಿ ಹಾಕುವುದರಲ್ಲಿ ಅವನ ಬಲಗೈಗೆ ಓಣಿಯಲ್ಲೇ ಜೋಡಿ ಇರಲಿಲ್ಲ. ಬೇಸಿಗೆಯಲ್ಲಿ ಮಾಳಿಗೆಯ ಏಣಿಯಿಂದ ಬಿದ್ದ. ಕುತ್ತಿಗೆಯಲ್ಲಿ ನರ ಒತ್ತಿದೆ ಎಂದರು ಬಾಗಲಕೋಟೆಯ ಡಾಕ್ಟರು. "ಸದ್ಯ ಆಪರೇಶನ್ ಬ್ಯಾಡ್ರಿ. ಆದ್ರ ದಿನಾ ಕೈ ತಿರುವಿ ನೋಡ್ರಿ. ಪೂರ್ತಿ ತಿರುಗೂದರ ಮುಕ್ಕಾಲಕ್ಕಿಂತ ಕಡಿಮಿ ತಿರುಗಿದ್ರ ಒಂದು ದಿನಾನೂ ಕಾಯಬ್ಯಾಡ್ರಿ. ಸತ್ತ ನರ ಮತ್ತ ಬರಂಗಿಲ್ಲ."

ಕಣ್ಣಂದಾಜನ್ನು ನಂಬುವವಳಲ್ಲ ಶೀಲಾ. ಪ್ರೋಗ್ರಾಂ ಬರೆದು ಹಾಕಿದರೆ ಅಂಕಿ ತೋರಿಸುವ ಒಂದು ಸಣ್ಣ ಕಂಟ್ರೋಲರ್ ಬೋರ್ಡು ತರಿಸಿದಳು. ಹಲಗೆಯ ಮೇಲೊಂದು ಹಿಡಿ ಕೂರಿಸಿ, ಅದರ ಜೊತೆ ತಿರುಗುವಂತೆ ಮಗ್ಗದ ದಾರ ಸುತ್ತಿ ಒಂದು ಹಳೆಯ ವಾಲ್ಯೂಮ್ ಕಂಟ್ರೋಲ್ ಜೋಡಿಸಿದಳು. ಉಳ್ಳಾಗಡ್ಡಿ ಮಾರುವ ಅಫ್ಸರನ ಗಾಡಿಯ ಮೈಕಿನ ಆಂಪ್ಲಿಫೈಯರಿನಿಂದ ಕಳಚಿದ್ದು ಅದು. ಕರಕರ ಎನ್ನುತ್ತದೆಂದು ಅವನಿಗೆ ಹೊಸದು ಹಾಕಿಕೊಟ್ಟು, ಹಳೆಯದನ್ನು ತೊಳೆದು ಡಬ್ಬಿಯಲ್ಲಿಟ್ಟಿದ್ದಳು. ಹಿಡಿ ತಿರುವದಿದ್ದರೆ ಬೋರ್ಡಿನ ಮೇಲೆ ಸೊನ್ನೆ, ಪೂರ್ತಿ ತಿರುವಿದರೆ ನೂರು, ಎಪ್ಪತ್ತೈದಕ್ಕಿಂತ ಇಳಿದರೆ ಕೆಂಪು ದೀಪ. ಎರಡೂ ತುದಿ ಪರೀಕ್ಷಿಸಿದಳು, ಸರಿ ಇತ್ತು. ತುದಿ ನೆಟ್ಟಗಿದ್ದ ಮೇಲೆ ನಡು ಎಲ್ಲಿ ಹೋಗುತ್ತದೆ ಎಂದುಕೊಂಡಳು, ಪುಣ್ಯಾತ್ಗಿತ್ತಿ.

ದಿನಾ ಬೆಳಿಗ್ಗೆ ಅವಳು ಅಂಗಡಿಗೆ ಹೊರಟಾಗ ಶಿವಪ್ರಕಾಶ ಒಳಗಿನಿಂದ ಅಂಕಿ ಕೂಗಿ ಹೇಳುವನು. ತೊಂಬತ್ತೇಳು. ತೊಂಬತ್ತೈದು. ಗಣೇಶ ಚೌತಿಯ ಬೆಳಿಗ್ಗೆ ತೊಂಬತ್ಮೂರು ಎಂದ. "ಚಲೋ ಐತಿ ಬಿಡ್ರಿ" ಎಂದು ಅವನ ಬಾಯಿಗೆ ಸಕ್ಕರೆ ಹಾಕಿ ಹೋದಳು.

ಆಮೇಲೆ ಚಹಾದ ಕಪ್ಪು ಕೈಜಾರಿತು. ಅವನು ಅಂಗಿ ಬಿಟ್ಟು ಬನಿಯನ್ನಿನಲ್ಲೇ ಓಡಾಡತೊಡಗಿದ. ಒಂದು ದಿನ ಅತ್ತೆ ಸೆರಗಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು. "ಶೀಲಾ, ಇವ ಹಾಕಿದ ಕೊಂಡಿ ಬಿಚ್ಚಾಕ್ಹತ್ತ್ಯಾವ. ಹಿಂಗ ಎಂದೂ ಆಗಿದ್ದಿಲ್ಲವಾ."

"ಎಂಬತ್ತಾರು ಐತ್ರಿ ಅತ್ತಿ. ಸುಮ್ನ ಹೆದರಬ್ಯಾಡ್ರಿ."

ಮುದುಕಿ ಸೆರಗು ಮಡಿಚಿಟ್ಟಳು. ಅಂಕಿಯ ಮುಂದೆ ಯಾರು ಮಾತಾಡುತ್ತಾರೆ?

ದೀಪಾವಳಿಯ ಹಿಂದಿನ ದಿನ ಮಧ್ಯಾಹ್ನ ಅಫ್ಸರ ಅಂಗಡಿ ಮುಂದೆ ಗಾಡಿ ನಿಲ್ಲಿಸಿದ. "ಶೀಲಕ್ಕ, ಭಾಳ ದಿನದಿಂದ ಹೇಳ್ಬೇಕಂತ ಮಾಡೇನಿ. ನೀ ಹಾಕಿದ ವಾಲ್ಯೂಮ್ ಸ್ವಲ್ಪ ತಿರುವೂದ್ರಾಗ ಕಿವಿ ಹರಿಯೂವಂಗ ಒದರ್ತೈತಿ. ಆಮ್ಯಾಲೆ ಎಷ್ಟ ತಿರುವಿದ್ರೂ ಅಷ್ಟ."

ಶೀಲಾ ನಕ್ಕಳು. ನಗುನಗುತ್ತಲೇ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಇವನಿಗೆ ಹಾಕಿಕೊಟ್ಟದ್ದು ಉದ್ದಕ್ಕೂ ಒಂದೇ ಸಮ ಏರುವ ಸಾದಾ ಕಂಟ್ರೋಲ್. ಕಳಚಿದ್ದು ಕಿವಿಗೆ ಹಿತವಾಗಲೆಂದೇ ಮಾಡಿದ್ದು. ಒಂದು ಬದಿಯ ಅರ್ಧ ಸುತ್ತಿನಲ್ಲಿ ಅಷ್ಟೇನೂ ಬದಲಾಗದು, ಇನ್ನರ್ಧದಲ್ಲಿ ಎಲ್ಲ ಬದಲಾಗಿಬಿಡುವುದು. ಅದೀಗ ಗಂಡನ ಹಲಗೆಯ ಮೇಲಿದೆ. ಹಿಡಿ ಹೊರಳಿಸುತ್ತಲೇ ಅಂಕಿ ಸರಸರ ಎಂಬತ್ತು ದಾಟಿ, ಅಲ್ಲಿಂದ ಮುಂದೆ ತೆವಳುವುದನ್ನು ಅವಳೂ ನೋಡಿದ್ದಳು, ನೋಡಿಯೂ ಯೋಚಿಸದೆ ಬಿಟ್ಟಿದ್ದಳು. ಅಫ್ಸರನನ್ನು ಅಲ್ಲೇ ಬಿಟ್ಟು ಮನೆಗೆ ಓಡಿದಳು.

ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಹಿಡಿದು ಹಲಗೆಯ ಮೇಲೆ ಸಮಸಮನಾಗಿ ಗೆರೆ ಎಳೆದಳು. ಒಂದೊಂದು ಗೆರೆಗೂ ಹಿಡಿ ನಿಲ್ಲಿಸಿ ಬೋರ್ಡು ನೋಡಿದಳು. ಅರ್ಧಕ್ಕೆ ಐವತ್ತು ಬರಬೇಕು, ಬಂದದ್ದು ಎಂಬತ್ತೈದು. ಮುಕ್ಕಾಲಿಗೆ ತೊಂಬತ್ಮೂರು. ಬೋರ್ಡಿನ ಪ್ರತಿಯೊಂದು ಸುಳ್ಳಿನ ಎದುರಿಗೂ ಗೆರೆಯ ನಿಜ ಅಳತೆ ಕೊಟ್ಟು, ಎರಡು ಗೆರೆಯ ನಡುವಿನದನ್ನು ಸರಿಯಾಗಿ ಹಂಚುವಂತೆ ಪ್ರೋಗ್ರಾಂ ತಿದ್ದಿದಳು.

"ತಿರುವ್ರಿ."

ಶಿವಪ್ರಕಾಶ ಹಲ್ಲು ಕಚ್ಚಿ ತಿರುವಿದ. ಐವತ್ತೆರಡು. ಕೆಂಪು ದೀಪ ಹತ್ತಿತು.

"ಯಾವಾಗಿಂದ್ರಿ?"

"ಭಾಳ ದಿನಾ ಆತು. ಎಳಿ ಹಿಡಿಯಾಕ ಬೆರಳ ಬರವಲ್ಲವು. ಅಂಗಿ ಗುಂಡೀನೂ ಹಾಕ್ಕೊಳ್ಳಾಕ ಆಗವಲ್ದು."

"ಹೇಳಬಾರದಿತ್ತೇನ್ರಿ ನನಗ?"

"ಏನಂತ ಹೇಳ್ಲಿ? ನೀ ಮಾಡಿದ್ದು ಚಲೋ ಐತಿ ಅಂತಿತ್ತು. ನನ್ನ ಕೈನ ಸುಳ್ಳ ಹೇಳ್ತೈತಿ ಅನ್ಕೊಂಡೆ."

ಶೀಲಾ ಅವನಿಗೆ ಅಂಗಿ ತೊಡಿಸಿ, ಒಂದೊಂದೇ ಗುಂಡಿ ಹಾಕಿದಳು. ಬಾಗಲಕೋಟೆಗೆ ಸಿಕ್ಕ ಬಸ್ಸು ಹತ್ತಿದರು. ಹುನಗುಂದ ದಾಟುವಾಗ ಅವಳ ತಲೆಯಲ್ಲಿ ಹಳೆಯ ಅಂಕಿಗಳೆಲ್ಲ ತಾವಾಗಿಯೇ ತಿದ್ದಿಕೊಳ್ಳತೊಡಗಿದವು. ತೊಂಬತ್ಮೂರು ಎಂದರೆ ಎಪ್ಪತ್ತೈದು. ಅಂದರೆ ಡಾಕ್ಟರು ಹೇಳಿದ ಮುಕ್ಕಾಲು ಮುಗಿದದ್ದು ಚೌತಿಯ ಬೆಳಿಗ್ಗೆ, ಅವಳು ಸಕ್ಕರೆ ಹಾಕಿದ ದಿನ. ಪಕ್ಕದಲ್ಲಿ ಕಿಟಕಿಯಾಚೆ ನೋಡುತ್ತಿದ್ದ ಗಂಡನ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಿಡಿದದ್ದು ಅವನಿಗೆ ಗೊತ್ತೇ ಆಗಲಿಲ್ಲ.