ವಸೀಮಾಳ ಕಂಪ್ಯೂಟರ್ ಸುಮ್ಮನಾದದ್ದು

ವಸೀಮಾ ಮಸ್ಕಿಯವಳು. ಮೂರು ವರ್ಷದವಳಿದ್ದಾಗ ದಡಾರ ಬಂದು ಎರಡೂ ಕಣ್ಣು ಹೋದವು. ಅಂಧ ಮಕ್ಕಳ ವಸತಿ ಶಾಲೆಯಲ್ಲಿ ಓದಿ, ಅಲ್ಲೇ ಟೈಪಿಂಗ್ ಕಲಿತಳು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸಾಫ್ಟ್‌ವೇರ್ ಬಂದ ಮೇಲೆ ಕಂಪ್ಯೂಟರೂ ಕೈಗೆ ಹತ್ತಿತು. ಸಿಂಧನೂರಿನ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕ ದಿನ ತಾಯಿ ಖಾತೂನ್‌ಬೀ ಓಣಿಗೆಲ್ಲ ಸಕ್ಕರೆ ಹಂಚಿದಳು. ಕೆಲಸ ಕಾಯಂ ಆಗಿರಲಿಲ್ಲ. ಪ್ರತಿ ಜೂನಿನಲ್ಲಿ ಹೊಸ ಆರ್ಡರ್ ಕೊಡುತ್ತಿದ್ದರು. ಆದರೂ ಅದು ಕೆಲಸ. ಅಣ್ಣ ರಫೀಕ್ ಬೆಳಿಗ್ಗೆ ಮಸ್ಕಿಯಲ್ಲಿ ಬಸ್ಸು ಹತ್ತಿಸುತ್ತಿದ್ದ. ಸಿಂಧನೂರಿನಲ್ಲಿ ಇಳಿದ ಮೇಲೆ ಕೋಲು ಹಿಡಿದು ಅವಳು ಒಬ್ಬಳೇ ಕಾಲೇಜು ಸೇರುತ್ತಿದ್ದಳು.

ಅಲ್ಲಿ ಅವಳಿಗೆ ಕೊಟ್ಟದ್ದು ದಪ್ಪ ಪೆಟ್ಟಿಗೆಯ ಹಳೆಯ ಕಂಪ್ಯೂಟರು. ಗುಂಡಿ ಒತ್ತಿದರೆ ಮೊದಲು ಫ್ಯಾನು ಗರ್ರೆನ್ನುತ್ತಿತ್ತು. ಆಮೇಲೆ ಒಳಗಿನ ಪುಟ್ಟ ಸ್ಪೀಕರಿನಿಂದ ಒಂದೇ ಒಂದು ‘ಪೀಂ’. ಮಷಿನ್ನು ನೆಟ್ಟಗಿದೆ, ಇನ್ನು ಸ್ವಲ್ಪ ಹೊತ್ತಿಗೆ ಓದುವ ದನಿ ಬರುತ್ತದೆ ಎಂದು ಅದರ ಅರ್ಥ. ಒಳಗೆ ಧೂಳು ತುಂಬಿ ಏನಾದರೂ ಸಡಿಲವಾದರೆ ಅದೇ ಸ್ಪೀಕರು ಬಿಡದೆ ಕೂಗುತ್ತಿತ್ತು. ಆಗ ರಿಪೇರಿಯವನಿಗೆ ಫೋನು ಮಾಡಬೇಕು. ಬೇರೆಯವರು ಪರದೆ ನೋಡಿ ತಿಳಿದುಕೊಳ್ಳುವುದನ್ನು ಅವಳು ಆ ಸದ್ದಿನಿಂದ ತಿಳಿಯುತ್ತಿದ್ದಳು. ವಿದ್ಯಾರ್ಥಿಗಳ ಲ್ಯಾಬಿನಲ್ಲಿ ಎಲ್ಲ ಮಷಿನ್ನುಗಳೂ ಒಟ್ಟಿಗೆ ಪೀಂಗುಟ್ಟುತ್ತವೆಂದು ಪ್ರಿನ್ಸಿಪಾಲರು ಅಲ್ಲಿನ ಸ್ಪೀಕರುಗಳನ್ನೆಲ್ಲ ಕೀಳಿಸಿದ್ದರು. ವಸೀಮಾಳದ್ದೊಂದು ಉಳಿದಿತ್ತು.

ಆಫೀಸಿನ ಸೂಪರಿಂಟೆಂಡೆಂಟ್ ಆದಪ್ಪ ಕೆಟ್ಟವನಲ್ಲ. ಆಡಳಿತ ಮಂಡಳಿ ಹೊಸ ಕಂಪ್ಯೂಟರು ಕೊಡಿಸಿದಾಗ, “ವಸೀಮಾಗೂ ಒಂದು ಹೊಸಾದು ಇರಲಿ, ಆಕೀಗ್ಯಾಕ ಹಳೇ ಡಬ್ಬಿ?” ಎಂದು ಹಟ ಹಿಡಿದು ತರಿಸಿದ್ದು ಅವನೇ. ಪೆಟ್ಟಿಗೆಯೇ ಇಲ್ಲದ, ಪರದೆಯ ಬೆನ್ನಿಗೇ ಎಲ್ಲ ಅಂಟಿಕೊಂಡಿರುವ ತೆಳ್ಳನೆಯ ಮಷಿನ್ನು ಬಂತು. ಹಳೆಯದು ಗುಜರಿಗೆ ಹೋಯಿತು.

ಮೊದಲ ದಿನ ವಸೀಮಾ ಗುಂಡಿ ಒತ್ತಿ ಕಿವಿಗೊಟ್ಟಳು. ಫ್ಯಾನಿನ ಸದ್ದಿಲ್ಲ, ಪೀಂ ಇಲ್ಲ. ಸುಟ್ಟಿದೆಯೇನೋ ಅಂದುಕೊಳ್ಳುವಷ್ಟರಲ್ಲಿ ಓದುವ ದನಿ ಬಂತು. ಪರವಾಗಿಲ್ಲ ಅಂದುಕೊಂಡಳು. ಆದರೆ ಎಲ್ಲ ದಿನವೂ ಹಾಗೆ ಆಗಲಿಲ್ಲ. ಕೆಲವೊಮ್ಮೆ ಮಷಿನ್ನು ತನ್ನಷ್ಟಕ್ಕೆ ಅಪ್‌ಡೇಟ್ ಮಾಡಿಕೊಳ್ಳುತ್ತ ಕೂರುತ್ತಿತ್ತು. ಅಂಥ ಹೊತ್ತಿನಲ್ಲಿ ಅದು ಎಚ್ಚರವಿದೆಯೋ, ನಿದ್ದೆಯಲ್ಲಿದೆಯೋ, ಸತ್ತಿದೆಯೋ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಪಕ್ಕದ ಮೇಜಿನ ಗುಮಾಸ್ತೆ ರೇಣುಕಾದೇವಿಯನ್ನು ಕೇಳಬೇಕಾಗುತ್ತಿತ್ತು.

“ಅಕ್ಕಾರ, ಏನರ ಬಂದೈತೇನ್ರೀ ಇದರಾಗ?”

ಮೊದಮೊದಲು ರೇಣುಕಾದೇವಿ ಎದ್ದು ಬಂದು ನೋಡುತ್ತಿದ್ದಳು. ಆಮೇಲೆ ಕುಳಿತಲ್ಲಿಂದಲೇ ಕತ್ತು ಚಾಚುತ್ತಿದ್ದಳು. ದಸರಾ ಮುಗಿಯುವಷ್ಟರಲ್ಲಿ ಕತ್ತನ್ನೂ ಚಾಚದೆ, “ಬಂತು, ಬಂತು” ಎನ್ನತೊಡಗಿದಳು. ಅವಳ ದನಿ ಯಾವ ಕಡೆಯಿಂದ ಬರುತ್ತಿದೆ ಎಂಬುದು ವಸೀಮಾಗೆ ತಿಳಿಯದೆ ಇರುತ್ತಿತ್ತೇ?

ಪರೀಕ್ಷೆಯ ವಾರ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ವಸೀಮಾ ಗುಂಡಿ ಒತ್ತಿದಳು. ಕಾದಳು. ದನಿ ಬರಲಿಲ್ಲ. ಕೇಳೋಣವೆಂದರೆ ರೇಣುಕಾದೇವಿ ಊಟಕ್ಕೆ ಹೋಗಿದ್ದಳು. ಒತ್ತಿದ್ದು ಸರಿಯಾಗಿ ತಾಗಿಲ್ಲವೆಂದು ಮತ್ತೊಮ್ಮೆ ಒತ್ತಿ ಹಿಡಿದಳು. ಅಪ್‌ಡೇಟ್ ನಡೆಯುತ್ತಿದ್ದ ಮಷಿನ್ನು ಅರ್ಧಕ್ಕೇ ಆರಿ ಕೆಟ್ಟು ಕೂತಿತು. ಅವಳು ಟೈಪ್ ಮಾಡಿಟ್ಟಿದ್ದ ಪ್ರಶ್ನೆಪತ್ರಿಕೆಗಳು ಅದರೊಳಗೇ ಉಳಿದವು.

ಪ್ರಿನ್ಸಿಪಾಲರು ಬಂದು ಎಲ್ಲರೆದುರು ಕೇಳಿದರು, “ಕಾಣೋದಿಲ್ಲ ಅಂದಮ್ಯಾಲ ಸ್ವಿಚ್ಚಿಗೆ ಯಾಕ ಕೈ ಹಚ್ಚಬೇಕಮ್ಮ?”

“ಹಳೇದು ಸದ್ದು ಮಾಡಿ ಹೇಳ್ತಿತ್ರೀ ಸರ್. ಇದು ಏನೂ ಹೇಳಂಗಿಲ್ಲ.”

“ಎಲ್ಲಾರೂ ಇದರ ಮ್ಯಾಲೇ ಕೆಲಸ ಮಾಡಾಕತ್ತಾರಲ್ಲ!”

ವಸೀಮಾ ಕೀಬೋರ್ಡನ್ನು ಹಿಂದಕ್ಕೆ ಸರಿಸಿದಳು.

ರಿಪೇರಿಗೆ ಲಿಂಗಸುಗೂರಿನಿಂದ ಪಕೀರಪ್ಪ ಬಂದ. ಕಾಲೇಜಿನ ಮಷಿನ್ನುಗಳನ್ನೆಲ್ಲ ನೋಡಿಕೊಳ್ಳುವವನು ಅವನೇ. ವಸೀಮಾ ಅವನ ಹತ್ತಿರ ಕುರ್ಚಿ ಎಳೆದುಕೊಂಡು ಮೆಲ್ಲಗೆ ಕೇಳಿದಳು.

“ಪಕೀರಪ್ಪಣ್ಣ, ಆ ಪೀಂ ಅನ್ನೋ ಸ್ಪೀಕರ್ ಇದಕ್ಕೂ ಒಂದು ಹಾಕಾಕ ಬರತೈತೇನು? ರೊಕ್ಕ ನಾ ಕೊಡ್ತೀನಿ.”

“ರೊಕ್ಕದ ಮಾತಲ್ಲ ಬೇ ತಂಗಿ. ನನ್ನ ಅಂಗಡ್ಯಾಗ ಬೊಗಸೆಗಟ್ಟಲೆ ಬಿದ್ದಾವು. ಆದ್ರ ಈ ಬೋರ್ಡಿನಾಗ ಅದನ್ನ ಚುಚ್ಚಾಕ ಜಾಗಾನ ಇಲ್ಲ. ಈಗ ಮಾಡೋರು ಅದನ್ನ ಬಿಟ್ಟಬಿಟ್ಟಾರ. ಯಾರಿಗೂ ಬ್ಯಾಡಾಗೇತಿ ಅದು.”

“ನನಗ ಬೇಕಾಗೇತಲ್ಲ.”

ಪಕೀರಪ್ಪ ಸ್ಕ್ರೂ ತಿರುವತೊಡಗಿದ. ಹೋಗುವಾಗ ಆದಪ್ಪನ ಮುಂದೆ, “ಆಕಿಗಷ್ಟ ಹಳೇ ನಮೂನಿದೊಂದು ಮಷಿನ್ ಕೊಡ್ರಿ ಸರ್, ನಾ ಹುಡುಕಿ ತರ್ತೀನಿ” ಎಂದ. ಹಳೆಯ ಮಷಿನ್ನನ್ನು ಆಫೀಸಿನ ನೆಟ್‌ವರ್ಕಿಗೆ ಸೇರಿಸಬಾರದೆಂಬ ನಿಯಮ ಬಂದಿದೆ ಎಂದು ಆದಪ್ಪ ಹೇಳಿದ. ಅಂದಿನಿಂದ ಇನ್ನೊಂದು ನಿಯಮವೂ ಹುಟ್ಟಿತು. ವಸೀಮಾ ಸ್ವಿಚ್ಚು ಮುಟ್ಟುವಂತಿಲ್ಲ. ರೇಣುಕಾದೇವಿಯೇ ಬಂದು ಚಾಲೂ ಮಾಡಿಕೊಡಬೇಕು.

ರೇಣುಕಾದೇವಿ ತುರ್ವಿಹಾಳದಿಂದ ಬರುವವಳು. ಬಸ್ಸು ತಡ. ಬಂದ ಮೇಲೆ ಅವಳದೇ ಕೆಲಸ ಮೊದಲು. ವಸೀಮಾ ಮಡಿಲಲ್ಲಿ ಕೈಯಿಟ್ಟುಕೊಂಡು ಕೂರುತ್ತಿದ್ದಳು. ಟೈಪ್ ಮಾಡುವ ಕಾಗದಗಳು ಒಂದೊಂದಾಗಿ ಪಕ್ಕದ ಮೇಜಿಗೆ ಹೋದವು. “ನೀ ಆರಾಮ ಕುಂದರವಾ, ಪಗಾರ ಬರತೈತಲ್ಲ” ಎಂದು ಆದಪ್ಪ ಸಮಾಧಾನ ಹೇಳಿದ. ಆ ಮಾತು ಅವಳಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಮನೆಗೆ ಬಂದರೆ ಖಾತೂನ್‌ಬೀ, “ಇವತ್ತ ಕೆಲಸ ಭಾಳಿತ್ತೇನು ಬೇಟಿ?” ಎಂದು ಕೇಳುತ್ತಿದ್ದಳು. “ಹ್ಞೂಂ, ಭಾಳಿತ್ತು” ಎಂದು ವಸೀಮಾ ಮುಖ ತೊಳೆಯಲು ಹೋಗುತ್ತಿದ್ದಳು.

ಫೆಬ್ರವರಿಯಲ್ಲಿ ಕಾಲೇಜಿಗೆ ದರ್ಜೆ ಕೊಡುವ ತಂಡವೊಂದು ಬಂತು. ಆ ದಿನ ವಸೀಮಾಗೆ ಹೊಸ ಸೀರೆ ಉಟ್ಟು ಬರಲು ಹೇಳಿದ್ದರು. ಅವಳ ಮೇಜನ್ನು ಬಾಗಿಲಿಗೆ ಎದುರಾಗಿ ಎಳೆದರು. ಅವಳು ಕುಳಿತ ಕೂಡಲೇ ಕೇಳಿದಳು, “ಅಕ್ಕಾರ, ಚಾಲೂ ಐತೇನ್ರೀ?”

“ಐತಿ ಐತಿ. ಓದೋ ದನಿ ಬಂದ್ ಮಾಡೀನಿ, ದೊಡ್ಡೋರ ಮುಂದ ಗದ್ದಲ ಬ್ಯಾಡಂತ. ನೀ ಸುಮ್ನ ಟೈಪ್ ಮಾಡ್ಕೋತ ಕುಂದರು.”

ಕ್ಯಾಮೆರಾ ಕ್ಲಿಕ್ ಎಂದಿತು. ತಂಡದಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಅವಳ ಹತ್ತಿರ ನಿಂತು, ಊರು ಯಾವುದೆಂದು ಕೇಳಿದರು. “ಮಸ್ಕಿ ರೀ.” “ಹಾಗಾದರೆ ಮಸ್ಕಿ ಅಂತಲೇ ಟೈಪ್ ಮಾಡಿ ತೋರಿಸಿ ನೋಡೋಣ.” ವಸೀಮಾ ಟೈಪ್ ಮಾಡಿದಳು. ಯಾರೋ ಕೆಮ್ಮಿದರು. ಆ ಹೆಂಗಸು ಬಾಗಿ ಅವಳ ಕಿವಿಯ ಹತ್ತಿರ ಹೇಳಿದರು, “ಇದು ಆನ್ ಆಗಿಲ್ಲಮ್ಮ.”

ವಸೀಮಾ ಕೀಲಿಗಳಿಂದ ಕೈ ತೆಗೆದಳು. ಎಲ್ಲರಿಗೂ ಕೇಳುವಂತೆ ಹೇಳಿದಳು, “ಆನ್ ಮಾಡೋ ಹುಕುಂ ನನಗಿಲ್ರೀ ಮೇಡಂ. ಬ್ಯಾರೆಯವರು ಮಾಡಿಕೊಡಬೇಕು. ಮಾಡೀವಿ ಅಂತ ಹೇಳಿದ್ರು, ನಂಬಿ ಕುಂತೀನಿ.”

“ಕರೆಂಟಿನ ತೊಂದರಿ ಮೇಡಂ” ಎಂದು ಆದಪ್ಪ ನಕ್ಕ. ಎಲ್ಲರ ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ತಂಡ ಹೋದ ಮೇಲೆ ಯಾರೂ ಅವಳನ್ನು ಬೈಯಲಿಲ್ಲ. ಮಾತನ್ನೂ ಆಡಲಿಲ್ಲ. ಜೂನಿನಲ್ಲಿ ಎಲ್ಲರಿಗೂ ಆರ್ಡರು ಬಂತು, ಅವಳಿಗೆ ಬರಲಿಲ್ಲ. “ಮೇಲಿನವರ ತೀರ್ಮಾನ ಐತವಾ, ನನ್ನ ಕೈಯಾಗ ಏನಿಲ್ಲ” ಎಂದು ಆದಪ್ಪ ಫೋನಿನಲ್ಲಿ ಹೇಳಿದ. ನಿಜಕ್ಕೂ ನೊಂದ ದನಿಯೇ ಅದು. ಅದರಿಂದ ಅವಳಿಗೆ ಆದದ್ದೇನು? ಕಾಲೇಜಿಗೆ ಒಳ್ಳೆಯ ದರ್ಜೆ ಸಿಕ್ಕಿತು. ಪ್ರವೇಶದ ಕೈಪಿಡಿಯಲ್ಲಿ ವಸೀಮಾಳ ಫೋಟೋ ಅಚ್ಚಾಗಿದೆಯೆಂದು ರಫೀಕ್ ಯಾರದೋ ಕೈಯಲ್ಲಿ ನೋಡಿ ಬಂದು ಹೇಳಿದ. ಕಂಪ್ಯೂಟರಿನ ಮುಂದೆ ಹೊಸ ಸೀರೆಯಲ್ಲಿ ನಗುತ್ತ ಕುಳಿತಿದ್ದಾಳಂತೆ.

ಈಗ ಅವಳು ಮಸ್ಕಿಯಲ್ಲಿ ಅಣ್ಣನ ಬಟ್ಟೆ ಅಂಗಡಿಯಲ್ಲಿ ಕೂರುತ್ತಾಳೆ. ಬರುವ ಫೋನುಗಳಿಗೆ ಉತ್ತರ ಕೊಡುತ್ತಾಳೆ, ಬಟ್ಟೆ ಮುಟ್ಟಿ ನೂಲಿನ ಗುಣ ಹೇಳುತ್ತಾಳೆ. ರಫೀಕ್ ಒಳ್ಳೆಯವನು, ಅವನ ಹೆಂಡತಿ ಮಾಹಿರಾಳೂ ಒಳ್ಳೆಯವಳು. ಆದರೆ ಗಿರಾಕಿಗಳು ಬಂದಾಗ ಅವರಿಬ್ಬರೂ ಅವಳನ್ನು ‘ನಮ್ಮ ವಸೀಮಾ, ಪಾಪ’ ಎಂದೇ ಪರಿಚಯಿಸುತ್ತಾರೆ. ‘ಪಾಪ’ ಎನ್ನಬೇಡಿರೆಂದು ಅವಳು ಒಮ್ಮೆ ಜಗಳ ತೆಗೆದಳು. ಎರಡು ದಿನ ಅನ್ನಲಿಲ್ಲ, ಆಮೇಲೆ ಮರೆತರು.

ಮಳೆಗಾಲದ ಕೊನೆಗೆ ಒಂದು ದಿನ ರೇಣುಕಾದೇವಿಯ ಫೋನು ಬಂತು.

“ವಸೀಮಾ, ಹಳೇ ಪ್ರಶ್ನೆಪತ್ರಿಕೆ ಎಲ್ಲಾ ನೀನೇ ಇಟ್ಟಿದ್ದೆಲ್ಲವಾ? ಎಲ್ಲೂ ಸಿಗವಲ್ದು. ಪ್ರಿನ್ಸಿಪಾಲರು ಜೀವ ತಿನ್ನಾಕತ್ತಾರ. ಎಲ್ಲಿಟ್ಟಿದಿ ಹೇಳವಾ.”

ಎಲ್ಲಿವೆ ಎಂದು ವಸೀಮಾಗೆ ಗೊತ್ತಿತ್ತು. ಮಷಿನ್ನು ರಿಪೇರಿಯಾದ ಮೇಲೆ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ, ಆಫೀಸಿನ ಕಬ್ಬಿಣದ ಕಪಾಟಿನ ಕೆಳಗಿನ ಖಾನೆಯಲ್ಲಿ ಅವಳೇ ಇಟ್ಟಿದ್ದಳು.

“ನನಗ ನೆನಪಿಲ್ರೀ ಅಕ್ಕಾರ” ಎಂದಳು.

“ಒಂಚೂರು ನೆನಪು ಮಾಡ್ಕೊಳವಾ, ಕೈ ಮುಗೀತೀನಿ.”

“ಇಲ್ರೀ.”

ಫೋನಿಟ್ಟಳು. ಸಂತೋಷವಾಗುತ್ತದೆ ಅಂದುಕೊಂಡಿದ್ದಳು, ಆಗಲಿಲ್ಲ. ತಿರುಗಿ ಫೋನು ಮಾಡಿ ಹೇಳೋಣವೆಂದೂ ಅನ್ನಿಸಲಿಲ್ಲ. “ಯಾರದು?” ಎಂದು ರಫೀಕ್ ಒಳಗಿನಿಂದ ಕೇಳಿದ.

“ರಾಂಗ್ ನಂಬರ್” ಎಂದು ಅವಳು ಮುಂದಿದ್ದ ಲುಂಗಿಗಳನ್ನು ಮಡಿಸತೊಡಗಿದಳು.